ಕಾರಿನ ಹಣೆ

ಭಾನುವಾರ, ಬೆಳಗ್ಗೆ ಆರೂವರೆ ಗಂಟೆ. ದೀಪಾವಳಿ ಕಳೆದು ಎರಡು ವಾರವಾಗಿತ್ತು. ಸ್ಥಳ, ನರಸಿಂಹರಾಜಪುರದ ಪೇಟೆ ಬೀದಿಯಲ್ಲಿದ್ದ ನಮ್ಮ ಮನೆಯ ಅಂಗಳ. ಹಾಜರಿದ್ದವರು ನಾಲ್ವರು: ಅಪ್ಪಯ್ಯ, ಅಮ್ಮ, ಅಪ್ಪಯ್ಯನ ತಾಯಿಯಾದ ಅಜ್ಜಿ, ಹತ್ತು ವರ್ಷದ ನಾನು. ನಡುವೆ ಅಪ್ಪಯ್ಯನ ಬಾಡಿಗೆ ಕಾರು. ಸಂಜೆ ಐದು ಗಂಟೆಯೊಳಗೆ ಅದರ ಬಣ್ಣವನ್ನು ಸರಿಪಡಿಸಬೇಕಿತ್ತು. ಆಗದಿದ್ದರೆ ಮರುದಿನ ಶಿವಮೊಗ್ಗೆಯಿಂದ ಟೈರಿನ ವ್ಯಾಪಾರಿ ಬಂದು ಕಾರನ್ನು ಒಯ್ಯುವವನಿದ್ದ. ಯುದ್ಧದ ಕಾಲ, ಟೈರು ಎಲ್ಲೂ ಸಿಗುತ್ತಿರಲಿಲ್ಲ. ಅವನಿಗೆ ಬೇಕಾದದ್ದು ನಾಲ್ಕು ಚಕ್ರ ಮತ್ತು ಇಂಜಿನು. ಉಳಿದದ್ದು ತಗಡು ಎಂದು ಅಪ್ಪಯ್ಯನ ಎದುರಿಗೇ ಹೇಳಿ ಹೋಗಿದ್ದ. ಕಾರು ಹೋದ ಮೇಲೆ ಅಪ್ಪಯ್ಯನೂ ಶಿವಮೊಗ್ಗೆಗೆ ಹೋಗಿ ಬೇರೆಯವರ ಲಾರಿ ಓಡಿಸುವುದು, ತಿಂಗಳಿಗೊಮ್ಮೆ ಮನೆಗೆ ಬರುವುದು ಎಂದು ಗೊತ್ತಾಗಿತ್ತು.

ಗಂಟೆ ಮತ್ತು ಹಾಜರಿಯನ್ನು ಮೊದಲು ಹೇಳುವುದು ನನ್ನ ಅಭ್ಯಾಸ. ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿ ಎಷ್ಟೋ ವರ್ಷ ಹಾಗೆ ಬರೆದಿದ್ದೇನೆ, ಆದರೆ ಕಲಿತದ್ದು ಆ ಮನೆಯಲ್ಲಿ. ಪಡಸಾಲೆಯ ಗೋಡೆಗೆ ಒಂದು ಗಡಿಯಾರ, ಅದರ ಕೆಳಗೆ ಅಜ್ಜಿಯ ಮಣೆ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಗಡಿಯಾರ ಬರುತ್ತಿತ್ತು. ಐದಕ್ಕೆ ಏಳಬೇಕು, ಆರಕ್ಕೆ ಮಿಂದಿರಬೇಕು, ಪೂಜೆಯಾಗದೆ ಒಲೆಯ ಮೇಲೆ ಕಾವಲಿ ಇಡುವಂತಿಲ್ಲ, ಎಂಟಕ್ಕೆ ಅಕ್ಕಿ ರೊಟ್ಟಿ. ಎಂಟೂಕಾಲಿಗೆ ಬಂದವರಿಗೆ ರೊಟ್ಟಿ ಇರುತ್ತಿತ್ತು, ಜೊತೆಗೆ ಮಾತೂ ಇರುತ್ತಿತ್ತು. ಪೂಜೆಯ ಕೋಣೆ, ಅಡಿಗೆಮನೆ, ಪಡಸಾಲೆ, ಕೊಟ್ಟಿಗೆ ಎಲ್ಲಕ್ಕೂ ಅವಳ ನಿಯಮಗಳಿದ್ದವು. ಯುದ್ಧ ಬಂದು ಪೆಟ್ರೋಲಿಗೆ ಸರ್ಕಾರದ ರೇಷನ್ ಚೀಟಿ ಬೇಕಾದಾಗ ಕಾರಿಗೂ ಒಂದು ನಿಯಮ ಬಂತು. ಅದುವರೆಗೆ ಕಾರು ಕೊಟ್ಟಿಗೆಯ ಅರ್ಧಭಾಗದಲ್ಲಿ ನಿಲ್ಲುತ್ತಿತ್ತು. ಓಡದ ಕಾರಿಗೆ ನೆರಳೇಕೆ, ಹಾಲು ಕೊಡುವ ಎಮ್ಮೆಗಾದರೂ ಇರಲಿ ಎಂದು ಅಜ್ಜಿ ಅದನ್ನು ಅಂಗಳಕ್ಕೆ ಹಾಕಿಸಿದಳು. ಎರಡು ವರ್ಷ ಅದು ಅಲ್ಲೇ ನಿಂತು ಬಿಸಿಲು ಕುಡಿಯಿತು. ಹದಿನೈದು ದಿನಕ್ಕೊಮ್ಮೆ ಅಪ್ಪಯ್ಯ ಉಳಿಸಿಟ್ಟಿದ್ದ ಚೂರು ಪೆಟ್ರೋಲಿನಲ್ಲಿ ಇಂಜಿನು ಸದ್ದು ಮಾಡಿಸಿ ನಿಲ್ಲಿಸುತ್ತಿದ್ದ. ಒಳಗೆ ಎಲ್ಲ ಸರಿಯಾಗಿತ್ತು. ಹೊರಗೆ, ಮಸಿಯಂಥ ಕಡುನೀಲಿಯಾಗಿದ್ದ ಬಣ್ಣ ಒಣಗಿ, ಮಂಕಾಗಿ, ಸುಣ್ಣಕ್ಕೆ ನೀಲಿ ಬೆರೆಸಿದಂತೆ ಆಗಿತ್ತು. ಬೆರಳು ಎಳೆದರೆ ಬೆರಳಿಗೆ ಪುಡಿ ಬರುತ್ತಿತ್ತು.

ಹಿಂದಿನ ಗುರುವಾರ ಲೇಡಿ ಡಾಕ್ಟರು ಬಂದಿದ್ದರು. ಊರಿಗೆ ಹೊಸಬರು, ಮೈಸೂರಿನ ಕಡೆಯವರು, ಬಿಳಿ ಸೀರೆ ಬಿಟ್ಟು ಬೇರೆ ಉಟ್ಟದ್ದನ್ನು ನಾನು ನೋಡಲಿಲ್ಲ. ಕೊಪ್ಪ, ಶೃಂಗೇರಿ, ಬೇಗಾರು ಎಂದು ಸುತ್ತಿ ಹೆರಿಗೆ ನೋಡಬೇಕಾದ ಕೆಲಸ. ಅವರ ಹತ್ತಿರ ಪೆಟ್ರೋಲಿನ ಚೀಟಿ ಇತ್ತು, ಕಾರಿರಲಿಲ್ಲ. ನಮ್ಮ ಹತ್ತಿರ ಕಾರಿತ್ತು, ಚೀಟಿ ಇರಲಿಲ್ಲ. ಇದಕ್ಕಿಂತ ಚೆನ್ನಾದ ಜೋಡಿ ಇಲ್ಲವೆಂದು ಅಪ್ಪಯ್ಯ ಬಾಗಿಲು ತೆಗೆದು, ಸೀಟು ತೋರಿಸಿ, ಇಂಜಿನು ಹೊಡೆದು ತೋರಿಸಿದ. ಅವರು ಕೇಳುತ್ತ ಕೇಳುತ್ತ ಮಡ್‌ಗಾರ್ಡಿಗೆ ಒರಗಿದರು. ತಿರುಗಿದಾಗ ಸೀರೆಯ ಹಿಂಭಾಗದಲ್ಲಿ ಅಂಗೈಯಗಲದ ನೀಲಿ.

"ಏನ್ರೀ ಇದು, ನಿಮ್ಮ ಕಾರು ಬಣ್ಣ ಬಿಡುತ್ತೆ."

"ಬಿಸಿಲಿಗೆ ಮೇಲಿನ ಬಣ್ಣ ಪುಡಿ ಆಗಿದೆ ಡಾಕ್ಟರಮ್ಮ. ಒರೆಸಿದ್ರೆ ಹೋಗ್ತದೆ."

"ಹಾಗಾದ್ರೆ ಒರೆಸಿ. ನಾನು ಹೆರಿಗೆ ಮಾಡಿಸೋಳು. ಬಾಗಿಲು ಮುಟ್ಟಿ ನೀಲಿ ಕೈಯಲ್ಲಿ ಬಾಣಂತಿ ಹತ್ರ ಹೋಗೋಕಾಗಲ್ಲ. ಭಾನುವಾರ ಐದು ಗಂಟೆಗೆ ಬರ್ತೀನಿ. ಈ ಕರವಸ್ತ್ರದಲ್ಲಿ ನಿಮ್ಮ ಕಾರು ಒರೆಸಿ ನೋಡ್ತೀನಿ. ಬೆಳ್ಳಗೇ ಇದ್ರೆ ಕಾರು ನನಗೆ, ನೀವೇ ಓಡಿಸಬೇಕು. ಇಲ್ಲಾಂದ್ರೆ ಕೊಪ್ಪದಲ್ಲಿ ಇನ್ನೊಂದು ನೋಡಿದೀನಿ."

ಶುಕ್ರವಾರ ಅಪ್ಪಯ್ಯ ಇಪ್ಪತ್ತು ಕೊಡ ನೀರು ಹೊಯ್ದು ತೊಳೆದ. ಒದ್ದೆಯಿದ್ದಾಗ ಕಾರು ಮೊದಲಿನ ಹಾಗೆ ಕಡುನೀಲಿಯಾಗಿ ಹೊಳೆಯಿತು, ನಾನು ಕುಣಿದುಬಿಟ್ಟೆ. ಒಣಗಿದ ಮೇಲೆ ಮತ್ತೆ ಅದೇ ಸುಣ್ಣ. ಶನಿವಾರ ಮಧ್ಯಾಹ್ನ ಅವನು ಮನೆಯಲ್ಲಿ ಇಲ್ಲದಾಗ ಅಮ್ಮ ಕೈ ಹಾಕಿದಳು. ಅವಳಿಗೆ ಹೊಳಪಿನ ವಿದ್ಯೆ ಗೊತ್ತಿತ್ತು. ಪೂಜೆಯ ಹಿತ್ತಾಳೆ, ನೀರಿನ ಹಂಡೆ ಎಲ್ಲ ಅವಳ ಕೈಯಲ್ಲೇ ಹೊಳೆಯುತ್ತಿದ್ದವು, ಪೇಟೆಯ ಯಾವ ಮನೆಯಲ್ಲೂ ಅವಳ ತಂಬಿಗೆಯಷ್ಟು ಬೆಳಗುವ ತಂಬಿಗೆ ಇರಲಿಲ್ಲ. ಹುಣಸೆಹಣ್ಣು, ಉಮಿಕರಿ, ತೆಂಗಿನ ನಾರು. ಉಮಿಕರಿಯೆಂದರೆ ಭತ್ತದ ಹೊಟ್ಟನ್ನು ಸುಟ್ಟ ಕರಿಬೂದಿ. ಎಡಗಡೆಯ ಹಿಂದಿನ ಬಾಗಿಲನ್ನು ಹಂಡೆ ತಿಕ್ಕಿದಂತೆ ತಿಕ್ಕಿದಳು. ನೀರು ಹೊಯ್ದಾಗ ಬಾಗಿಲ ತುಂಬ ಬೆಕ್ಕು ಕೆರೆದ ಹಾಗೆ ನೂರಾರು ಗೀರು. ಅಪ್ಪಯ್ಯ ಬಂದು ನೋಡಿ, ಹೋಗಿ ಪಡಸಾಲೆಯಲ್ಲಿ ಕೂತ. ಬೈಯುವ ಕೆಲಸವನ್ನು ಊಟದ ಹೊತ್ತಿಗೆ ಅಜ್ಜಿ ಮಾಡಿದಳು.

"ಕಾರು ಎಂತ ಹಂಡೆಯಾ, ಉಮಿಕರಿ ಹಾಕಿ ತಿಕ್ಕೋಕೆ?"

"ಎಮ್ಮೆ ಒಳಗೆ ಕಟ್ಟಿಸಿ ಕಾರು ಹೊರಗೆ ಹಾಕಿಸಿದ್ದು ಯಾರು ಅತ್ತೆಮ್ಮ? ನಾನಾ?"

"ಎಮ್ಮೆ ಹಾಲು ಕೊಡ್ತದೆ."

"ಇವ್ರು ಶಿವಮೊಗ್ಗೆಗೆ ಹೋದ್ಮೇಲೆ ಆ ಹಾಲು ಯಾರಿಗೆ ಕಾಸಿ ಕೊಡ್ಲಿ?"

ಅಜ್ಜಿ ಊಟದ ನಡುವೆಯೇ ಎದ್ದಳು. ಎಲೆಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಎಲೆಯಲ್ಲಿ ಉಳಿಸಬಾರದೆಂಬುದು ಅವಳದೇ ನಿಯಮ.

ಹಾಗಾಗಿ ಭಾನುವಾರ ಬೆಳಗ್ಗೆ ನಾವು ನಾಲ್ವರೂ ಅಂಗಳಕ್ಕೆ ಇಳಿದಾಗ ಯಾರ ಹತ್ತಿರವೂ ಯಾವ ಉಪಾಯವೂ ಇರಲಿಲ್ಲ. ಇನ್ನೊಮ್ಮೆ ತೊಳೆಯೋಣ ಎಂದ ಅಪ್ಪಯ್ಯ. ಸತ್ತವರಿಗೆ ಸ್ನಾನ ಮಾಡಿಸುವವರ ದನಿ ಅದು. ನನ್ನ ಪಾಲಿಗೆ ಬಂದದ್ದು ಮುಂದಿನ ಬಾನೆಟ್ಟು. ಬಾನೆಟ್ಟಿನ ತುದಿಯಲ್ಲಿ, ಗೇಣಗಲದ ಜಾಗದಲ್ಲಿ, ಅಜ್ಜಿಯ ಮೂರು ಗೆರೆ ವಿಭೂತಿ ಇತ್ತು. ಅದು ಕಾರಿನ ಹಣೆ. ಕಾರು ಬಂದ ದಿನದಿಂದ ಪ್ರತಿ ಸೋಮವಾರ ಅಜ್ಜಿ ಲಿಂಗಪೂಜೆ ಮುಗಿಸಿ ಹೊರಗೆ ಬರುತ್ತಿದ್ದಳು. ನಾನು ನೀರಿನ ತಂಬಿಗೆ ಹಿಡಿಯಬೇಕು. ಒದ್ದೆ ಬಟ್ಟೆಯಲ್ಲಿ ಹಳೆಯ ವಿಭೂತಿಯನ್ನು ಚೆನ್ನಾಗಿ ಉಜ್ಜಿ ತೆಗೆದು, ಆ ಕ್ಷಣವೇ ಹೊಸದನ್ನು ದಪ್ಪಗೆ ಬಳಿಯುವುದು. ಬೋಳು ಹಣೆ ಒಂದು ಗಳಿಗೆಯೂ ಕಾಣಬಾರದು. ಸೋಮವಾರ ಬಿಟ್ಟು ಬೇರೆ ದಿನ ಅದನ್ನು ಯಾರೂ ಮುಟ್ಟಬಾರದು. ಶುಕ್ರವಾರ ಅಪ್ಪಯ್ಯ ಇಪ್ಪತ್ತು ಕೊಡ ಹೊಯ್ದರೂ ಆ ಗೇಣು ಜಾಗವನ್ನು ಬಳಸಿಕೊಂಡು ಹೊಯ್ದಿದ್ದ. ನನ್ನ ಕೈ ಅಷ್ಟು ನಿಧಾನದ್ದಲ್ಲ. ಎರಚಿದ ನೀರು ಒಂದು ಗೆರೆಯ ತುದಿಗೆ ತಾಗಿ ಬೂದಿ ಜಾರಿತು. ಅಡಿಯಲ್ಲಿ ಬಟಾಣಿಯಷ್ಟು ಜಾಗ ಕಂಡಿತು. ನೀಲಿ. ಸುಣ್ಣದ ನೀಲಿಯಲ್ಲ, ಮಸಿಯ ನೀಲಿ.

ಒದ್ದೆಗೆ ಹಾಗೆ ಕಾಣುತ್ತದೆಂದುಕೊಂಡು ಲಂಗದ ಅಂಚಿನಿಂದ ಒರೆಸಿ, ಊದಿ ಒಣಗಿಸಿದೆ. ಒಣಗಿದ ಮೇಲೂ ಹಾಗೇ ಇತ್ತು, ಅದರಲ್ಲಿ ನನ್ನ ಮೂಗು ಕಾಣುತ್ತಿತ್ತು. ಆಗ ನಾನು ಹಿಂದೆ ಮುಂದೆ ನೋಡದೆ ಅಂಗೈ ಒದ್ದೆ ಮಾಡಿ ಕಾರಿನ ಹಣೆಯನ್ನು ಪೂರ್ತಿ ಒರೆಸಿಬಿಟ್ಟೆ. ಮನೆಯ ನಿಯಮವೊಂದನ್ನು ಬೇಕೆಂದೇ ಮುರಿದದ್ದು ಅದೇ ಮೊದಲು.

"ಅಪ್ಪಯ್ಯ, ಇಲ್ಲಿ ಬಾ. ಬೇಗ ಬಾ. ಹಳೇ ಬಣ್ಣ ಇಲ್ಲೇ ಉಂಟು."

ಅಪ್ಪಯ್ಯ ಬಂದು ಬೆರಳು ಎಳೆದು ನೋಡಿದ. ಬೆರಳು ಸ್ವಚ್ಛ. ಇನ್ನೊಮ್ಮೆ ಎಳೆದ.

"ಬೂದಿ ಮುಚ್ಚಿತ್ತಲ್ಲ, ಬಿಸಿಲು ತಾಗಿಲ್ಲ. ಅದಕ್ಕೆ ಉಳ್ಕೊಂಡಿದೆ," ಎಂದ.

"ಅಲ್ಲ. ಅಜ್ಜಿ ಬಳಿಯೋದು ಮೂರು ಗೆರೆ. ಗೆರೆ ಗೆರೆ ಮಧ್ಯೆ ಬೂದಿ ಇರೋದಿಲ್ಲ. ಅಲ್ಲೂ ನೀಲಿ ಉಂಟು ನೋಡು. ಅಜ್ಜಿ ಒರೆಸೋವಾಗ ಮಾತ್ರ ಪೂರ್ತಿ ಉಜ್ಜೋದು."

ಅವನು ಬಗ್ಗಿ ನೋಡಿದ. ನಾನು ಹೇಳಿದ್ದು ಸರಿಯಾಗಿತ್ತು. ಅಜ್ಜಿಯ ಒದ್ದೆ ಬಟ್ಟೆ ಓಡಾಡಿದಷ್ಟು ಜಾಗವೂ ಕಡುನೀಲಿ, ಬಟ್ಟೆ ನಿಂತಲ್ಲಿಂದ ಆಚೆ ಸುಣ್ಣ. ಸತ್ತ ಬಣ್ಣ ಮೇಲಿನ ಪದರದಲ್ಲಿ ಮಾತ್ರ ಇತ್ತು. ವಾರಕ್ಕೊಮ್ಮೆ, ಹಿಟ್ಟಿಗಿಂತ ನುಣುಪಾದ ಬೂದಿಯಲ್ಲಿ, ಅಜ್ಜಿ ತನಗೇ ತಿಳಿಯದೆ ಆ ಪದರವನ್ನು ತೆಗೆಯುತ್ತ ಬಂದಿದ್ದಳು. ಅಮ್ಮ ಹಾಕಿದ್ದೂ ಬೂದಿಯೇ, ಆದರೆ ಹೊಟ್ಟಿನ ಒರಟು ಬೂದಿ. ಅಪ್ಪಯ್ಯ ಮೆಲ್ಲನೆ ಬೆನ್ನು ನೆಟ್ಟಗೆ ಮಾಡಿದ. ಅವನ ಮುಖ ಮೂರು ದಿನದಲ್ಲಿ ಮೊದಲ ಸಲ ಅಪ್ಪಯ್ಯನ ಮುಖದ ಹಾಗಿತ್ತು. ಅಷ್ಟರಲ್ಲಿ ಅಜ್ಜಿ ಬಂದಳು.

"ಇವತ್ತು ಸೋಮವಾರ ಅಲ್ಲ. ಯಾರು ಒರೆಸಿದ್ದು?"

"ನಾನು," ಎಂದೆ.

"ಅವ್ವ, ಬೈಯೋದು ಆಮೇಲೆ ಬೈಯಿ," ಎಂದ ಅಪ್ಪಯ್ಯ. "ನಿನ್ನ ವಿಭೂತಿ ಎಷ್ಟಿದೆ?"

"ಎಂತಕ್ಕೆ?"

"ಕಾರು ಉಜ್ಜೋಕೆ."

ಅಮ್ಮ ಕೊಡ ಕೆಳಗಿಟ್ಟಳು. ಅಜ್ಜಿ ಮಗನ ಮುಖವನ್ನು ಅವನಿಗೆ ಜ್ವರ ಬಂದಿದೆಯೇ ಎಂದು ನೋಡುವವಳ ಹಾಗೆ ನೋಡಿದಳು.

"ಹಣೆಗೆ ಇಡೋ ವಿಭೂತೀಲಿ ಗಾಡಿ ತಿಕ್ತೀಯಾ? ಬುದ್ಧಿ ಎಲ್ಲಿಟ್ಟಿದೀಯ ಮಾರಾಯ?"

ಅಷ್ಟು ಹೇಳಿ ಪೂಜೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಪಡಸಾಲೆಗೆ ಓಡಿ ಗಡಿಯಾರದ ಕೆಳಗೆ ನಿಂತೆ. ಏಳು ಹತ್ತು. ಅಜ್ಜಿ ವಿಭೂತಿಯನ್ನು ಅಂಗಡಿಯಿಂದ ತರುತ್ತಿರಲಿಲ್ಲ. ಪಕ್ಕದ ಮನೆಯ ಜವಳಿ ಅಂಗಡಿ ರುದ್ರಪ್ಪನ ಹಸುವಿನ ಸಗಣಿ ತಂದು, ಬೆರಣಿ ತಟ್ಟಿ, ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ತಳಕ್ಕೆ ಇಳಿದ ಒರಟನ್ನು ಚೆಲ್ಲಿ, ಮೇಲಿನ ತಿಳಿಯನ್ನು ಬೇರೆ ಗಡಿಗೆಗೆ ಬಗ್ಗಿಸಿ, ಮತ್ತೆ ಸೋಸಿ, ಹೀಗೆ ಏಳು ಸಲ. ಕೊನೆಗೆ ಉಳಿಯುವುದು ಬೆಣ್ಣೆಯ ಹಾಗೆ ಬೆರಳಿಗೆ ಜಾರುವ ಬಿಳಿ. ಅದನ್ನು ಉಂಡೆ ಕಟ್ಟಿ, ಒಣಗಿಸಿ, ಪೂಜೆ ಮಾಡಿಸಿದರೆ ಒಂದು ವರ್ಷಕ್ಕೆ ಆಗುವಷ್ಟು. ಆ ವರ್ಷದ್ದು ಗಡಿಗೆಯಲ್ಲೇ ಇತ್ತು. ಏಳು ಇಪ್ಪತ್ತೈದಕ್ಕೆ ಬಾಗಿಲು ತೆರೆಯಿತು. ಅಜ್ಜಿ ಗಡಿಗೆಯನ್ನು ಎರಡೂ ಕೈಯಲ್ಲಿ ಹೊತ್ತು ಅಂಗಳಕ್ಕೆ ಬಂದು ಕಾರಿನ ಮುಂದೆ ಇಟ್ಟಳು.

"ಉಂಡೆ ಕಟ್ಟಿಲ್ಲ, ಪೂಜೆ ಆಗಿಲ್ಲ. ಅಲ್ಲೀ ತನಕ ಇದು ಬೂದಿಯೇ. ಹೂಂ, ಶುರು ಮಾಡಿ. ಗಂಟೆ ಎಷ್ಟಾತು ನೋಡಿದೀರಾ?"

ಆಮೇಲಿನ ಒಂಬತ್ತು ಗಂಟೆಗಳನ್ನು ನಾನು ಈಗಲೂ ಬಾಗಿಲು ಬಾಗಿಲಾಗಿ ಹೇಳಬಲ್ಲೆ. ಅಪ್ಪಯ್ಯ ಬೂದಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಬೆರೆಸಿ ಹದ ಮಾಡಿದ. ಹಳೆಯ ಪಂಚೆ ಹರಿದು ಅಮ್ಮ ಅಂಗೈಯಗಲದ ತುಂಡು ಮಾಡಿದಳು. ಮೊದಲ ತುಂಡನ್ನು ನಾನು ಬಾನೆಟ್ಟಿಗೆ ಒತ್ತಿ ಸುತ್ತು ಹಾಕಿದೆ. ಬಟ್ಟೆ ಕ್ಷಣದಲ್ಲಿ ನೀಲಿಯಾಯಿತು, ಬಿಳಿ ಬೂದಿ ನೀಲಿ ಕೆಸರಾಯಿತು. ಒರೆಸಿದಾಗ ಕೆಸರಿನ ಅಡಿಯಿಂದ ಕಡುನೀಲಿ ಎದ್ದು ಬಂತು, ಅದರೊಳಗೆ ಆಕಾಶ, ನಮ್ಮ ಹೆಂಚಿನ ಅಂಚು, ಬಾಯಿ ತೆರೆದು ನಿಂತ ನಾನು. ಅಮ್ಮ ನಕ್ಕಳು. ನಕ್ಕವಳು ತಕ್ಷಣ ಸೆರಗು ಬಿಗಿದುಕೊಂಡು ತಾನು ಕೆಡಿಸಿದ ಬಾಗಿಲಿಗೆ ಹೋದಳು. ಇದನ್ನು ಬೇರೆ ಯಾರೂ ಮುಟ್ಟಬೇಡಿ ಎಂದಳು. ಸದ್ದು ಕೇಳಿ ಬೇಲಿಯ ಆಚೆಯಿಂದ ರುದ್ರಪ್ಪನ ತಲೆ ಕಾಣಿಸಿಕೊಂಡಿತು. ಗುರುವಾರದ ಸೀರೆಯ ಕತೆಯನ್ನು ಅವನು ಆಗಲೇ ಪೇಟೆಯಿಡೀ ಹರಡಿದ್ದ.

"ಎಂತ ಮಲ್ಲಣ್ಣ, ಕಾರಿಗೆ ದೀಕ್ಷೆ ಕೊಡಿಸ್ತಾ ಇದೀಯಾ?"

"ಹೂಂ ಮಾರಾಯ," ಎಂದ ಅಪ್ಪಯ್ಯ. "ನಿನ್ನ ಅಂಗಡಿ ಸೀರೆಗಳನ್ನೂ ತಗಂಡು ಬಾ. ಬಣ್ಣ ನಿಲ್ತದೆ."

"ನನ್ನ ಸೀರೆ ಒಂದು ಒಗೆತಕ್ಕೆ ಬಿಡೋದು. ನಿನ್ನ ಕಾರು ಒರಗಿದ್ರೆ ಬಿಡ್ತದೆ."

"ಬೂದಿ ನಿನ್ನ ಹಸುವಿಂದೇ ರುದ್ರಪ್ಪ," ಎಂದಳು ಅಜ್ಜಿ. "ಹಸು ಕೆಲಸಕ್ಕೆ ಬಂದಿದೆ. ನೀನು ಯಾವಾಗ ಬರ್ತೀಯ?"

ಅವನು ಬೇಲಿ ದಾಟಿ ಬಂದ. ಎತ್ತರದ ಆಳು, ಕಾರಿನ ಮೇಲ್ಭಾಗ ಅವನ ಪಾಲಾಯಿತು. ಹತ್ತು ಗಂಟೆಗೆ ಅದನ್ನು ಮುಗಿಸಿ ಹುರುಪಿನಲ್ಲಿ ಮಡ್‌ಗಾರ್ಡಿಗೆ ಇಳಿದ. ಅದರ ಏಣಿನ ಮೇಲೆ, ಎಂದರೆ ಉಬ್ಬಿದ ಅಂಚಿನ ಮೇಲೆ, ಒಂದೇ ಕಡೆ ಬಲ ಹಾಕಿ ಉಜ್ಜಿದ. ನಾನು ನೋಡುವಷ್ಟರಲ್ಲಿ ನೀಲಿಯ ನಡುವೆ ಅಕ್ಕಿಕಾಳಿನಷ್ಟು ಕೆಂಪು ಕಾಣಿಸಿತು. ಬಣ್ಣದ ಅಡಿಯಲ್ಲಿ ಬಳಿದಿದ್ದ ಕೆಂಪು ಅಸ್ತರು. ಎಲ್ಲರ ಕೈ ನಿಂತಿತು. ಬಣ್ಣ ಎಷ್ಟು ತೆಳುವೆಂದು ಆಗ ತಿಳಿಯಿತು. ಸಾಲದಷ್ಟು ಉಜ್ಜಿದರೆ ಸುಣ್ಣ ಉಳಿಯುತ್ತದೆ, ಹೆಚ್ಚು ಉಜ್ಜಿದರೆ ಬಣ್ಣವೇ ಉಳಿಯುವುದಿಲ್ಲ. ರುದ್ರಪ್ಪನ ಮುಖ ಸಪ್ಪಗಾಯಿತು. ಅಜ್ಜಿ ಅವನನ್ನು ಬೈಯಲಿಲ್ಲ, ನನ್ನ ಕಡೆ ತಿರುಗಿದಳು.

"ನಿಂಗೆ ಎಣಿಕೆ ಬರ್ತದಲ್ಲ ಗಿರಿಜಾ. ಎಲ್ಲರಿಗೂ ಎಣಿಸಿ ಹೇಳು. ಮೂವತ್ತಕ್ಕೆ ನಿಲ್ಲಿಸು. ನಾನಾದ್ರೂ ಸೈ, ನಿಲ್ಲಿಸು."

ಹತ್ತು ವರ್ಷದವಳ ಬಾಯಿಗೆ ನಾಲ್ವರು ದೊಡ್ಡವರ ಕೈ ಕಟ್ಟಿಹಾಕಿದ ಹಾಗೆ. ಒಂದು, ಎರಡು, ಮೂರು ಎಂದು ನಾನು ಕೂಗಿದರೆ ನಾಲ್ಕು ಬಟ್ಟೆ ಒಟ್ಟಿಗೆ ಸುತ್ತುತ್ತಿದ್ದವು. ಮೂವತ್ತಕ್ಕೆ ನಿಲ್ಲಿಸು, ಒರೆಸು, ಬೆರಳು ಎಳೆದು ನೋಡು, ಪುಡಿ ಬಂದರೆ ಮಾತ್ರ ಇನ್ನೊಂದು ಹತ್ತು. ಏಣು ಬಂದಲ್ಲಿ ಹತ್ತೇ ಸುತ್ತು, ಬಲ ಹಾಕದೆ. ವಾರ್ಡಿನಲ್ಲಿ ಹುಣ್ಣು ತೊಳೆಯುವ ಹುಡುಗಿಯರಿಗೆ ನಾನು ಮುಂದೆ ಹೇಳಿಕೊಟ್ಟದ್ದು ಇದನ್ನೇ. ಅವರು ಅದು ಪುಸ್ತಕದ್ದೆಂದು ತಿಳಿದಿದ್ದರು. ಎಣಿಸುತ್ತ ಎಣಿಸುತ್ತ ನನ್ನ ದನಿ ಬೀದಿಗೆ ಕೇಳಿ ಜನ ನಿಂತರು. ಅಪ್ಪಯ್ಯ ಇಪ್ಪತ್ತೊಂಬತ್ತಕ್ಕೇ ಕೈ ಎತ್ತಿದ್ದಕ್ಕೆ ಅವನನ್ನು ಹಿಡಿದೆ. ಅವನು ಇನ್ನೊಂದು ಸುತ್ತು ಹಾಕಿದ.

ಹನ್ನೆರಡೂವರೆಗೆ ಊಟದ ಹೊತ್ತು. ಅಂಗಳದಲ್ಲಿ ತಿನ್ನುವಂತಿಲ್ಲ, ನಿಂತು ತಿನ್ನುವಂತಿಲ್ಲ, ಕೈ ತೊಳೆಯದೆ ಎಲೆಯ ಮುಂದೆ ಕೂರುವಂತಿಲ್ಲ. ನಮ್ಮ ಕೈಗಳೋ ಮಣಿಕಟ್ಟಿನವರೆಗೆ ನೀಲಿ, ಬೇಗ ತೊಳೆದು ಹೋಗದ್ದು, ತೊಳೆಯಲು ಹೊತ್ತೂ ಇಲ್ಲದ್ದು. ಅಜ್ಜಿ ತನ್ನ ಕೈಯನ್ನಷ್ಟೇ ಸೀಗೆಪುಡಿ ಹಾಕಿ ಉಜ್ಜಿ ತೊಳೆದು, ಒಳಗೆ ಹೋಗಿ ಮೊಸರವಲಕ್ಕಿ ಕಲಸಿ ತಂದಳು. ಪಾತ್ರೆ ಸೊಂಟಕ್ಕಿಟ್ಟುಕೊಂಡು ಕಾರಿನ ಸುತ್ತ ನಡೆದಳು. ಒಬ್ಬೊಬ್ಬರ ಬಾಯಿಗೂ ತುತ್ತು ಇಟ್ಟಳು. ನನಗೆ, ಮೀಸೆಯ ಅಪ್ಪಯ್ಯನಿಗೆ, ಬೇಡಬೇಡವೆಂದ ರುದ್ರಪ್ಪನಿಗೆ. ಕೊನೆಗೆ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಅಮ್ಮನ ಹತ್ತಿರ ನಿಂತಳು.

"ಬಾಯಿ ತೆಗಿ ಮಾರಾಯ್ತಿ. ಹಂಡೆ ಎಲ್ಲಿಗೆ ಬಂತು?"

ಅಮ್ಮ ಬಾಯಿ ತೆರೆದಳು. ಅಮ್ಮನಿಗೆ ಅಜ್ಜಿ ಎರಡು ತುತ್ತು ಹೆಚ್ಚು ಇಟ್ಟದ್ದನ್ನು ನಾನು ಎಣಿಸಿದೆ.

ಮೂರೂವರೆಗೆ ಉಜ್ಜುವ ಕೆಲಸ ಮುಗಿಯಿತು. ಗಡಿಗೆಯ ತಳ ಕಾಣುತ್ತಿತ್ತು. ಕಾರು ನೀಲಿಯಾಗಿತ್ತು, ಆದರೆ ಅಪ್ಪಯ್ಯನಿಗೆ ಸಮಾಧಾನವಿರಲಿಲ್ಲ. ಮೇಲೆ ಏನಾದರೂ ಹೊದಿಸದಿದ್ದರೆ ಹದಿನೈದು ದಿನಕ್ಕೆ ಮತ್ತೆ ಸುಣ್ಣ ಎಂದ. ಅಮ್ಮ ತನ್ನ ಕುಂಕುಮದ ಪೆಟ್ಟಿಗೆ ತಂದಳು. ಕುಂಕುಮ ನಿಲ್ಲಲೆಂದು ಹಣೆಗೆ ಮೊದಲು ಹಚ್ಚುವ ಜೇನುಮೇಣ ಅದರಲ್ಲಿತ್ತು. ಕೆರೆಕಟ್ಟೆಯ ಕಾಡಿನಿಂದ ಬಂದ ನಿಂಬೆಹಣ್ಣಿನ ಗಾತ್ರದ ಗಟ್ಟಿ. ಕೊಬ್ಬರಿ ಎಣ್ಣೆಯಲ್ಲಿ ಅದನ್ನು ಕರಗಿಸಿ, ಆರಿಸಿ, ಬೆರಳ ತುದಿಯಷ್ಟನ್ನೇ ತೆಗೆದು ತೆಗೆದು ಇಡೀ ಕಾರಿಗೆ ಹಚ್ಚಿ ಒಣಬಟ್ಟೆಯಲ್ಲಿ ತೀಡಿದೆವು. ಕಾರಿನ ಮೈ ಜೇನಿನ ವಾಸನೆ ಹೊಡೆಯಿತು. ಅಮ್ಮನ ಬಾಗಿಲಿನಲ್ಲಿ ಸಣ್ಣ ಗೀರುಗಳೆಲ್ಲ ಮಾಯವಾಗಿ, ಆಳದ ಏಳೆಂಟು ಮಾತ್ರ ಉಳಿದಿದ್ದವು. ನಾಲ್ಕೂ ಮುಕ್ಕಾಲಿಗೆ ಅಜ್ಜಿ ತನ್ನ ಕಳೆದ ವರ್ಷದ ಕೊನೆಯ ವಿಭೂತಿ ಉಂಡೆಯನ್ನು ಹಿಡಿದು ಬಂದಳು.

"ಅವ್ವ, ಈಗ ಬೇಡ. ಅವ್ರ ಕರವಸ್ತ್ರಕ್ಕೆ ಹತ್ತುತ್ತೆ," ಎಂದ ಅಪ್ಪಯ್ಯ.

"ಹತ್ಲಿ. ಇದೂ ಬಿಳಿ, ಅದೂ ಬಿಳಿ. ಬೋಳು ಹಣೇಲಿ ಪರಸ್ಥಳದೋರ ಮುಂದೆ ನಿಲ್ಲಿಸೋದಿಲ್ಲ ನಾನು."

ಡಾಕ್ಟರಮ್ಮ ಐದಕ್ಕೆ ಸರಿಯಾಗಿ ಬಂದರು. ಮಡಿಸಿದ ಕರವಸ್ತ್ರ ತೆಗೆದು ಮೇಲ್ಭಾಗವನ್ನು ಒರೆಸಿದರು, ಬಲಗಡೆಯ ಬಾಗಿಲುಗಳನ್ನು ಒರೆಸಿದರು, ಮಡ್‌ಗಾರ್ಡಿನ ಕೆಂಪು ಕಾಳಿನ ಹತ್ತಿರ ನಿಂತು ನೋಡಿ ಮುಂದೆ ಹೋದರು. ಬಾನೆಟ್ಟಿನಲ್ಲಿ ಮೂರು ಗೆರೆಗಳನ್ನು ಬಳಸಿಕೊಂಡು, ಶುಕ್ರವಾರ ಅಪ್ಪಯ್ಯ ನೀರು ಹೊಯ್ದಷ್ಟೇ ಜಾಗರೂಕತೆಯಿಂದ ಒರೆಸಿದರು. ಕೊನೆಗೆ ಎಡಗಡೆಯ ಹಿಂದಿನ ಬಾಗಿಲು.

"ಇಲ್ಲಿ ಏನಾಗಿದೆ?"

"ಅದು ನಂದು," ಎಂದಳು ಅಮ್ಮ. "ಹಂಡೆ ತಿಕ್ಕೋ ಹಾಗೆ ತಿಕ್ಕಿಬಿಟ್ಟೆ. ಗೀರು ಹೋಗೋದಿಲ್ಲ. ಬಣ್ಣ ಬಿಡೋದಿಲ್ಲ."

ಅಲ್ಲಿ ಅವರು ಎರಡು ಸಲ ಒರೆಸಿದರು. ಆಮೇಲೆ ಕರವಸ್ತ್ರವನ್ನು ಬಿಚ್ಚಿಯೂ ನೋಡದೆ ನನ್ನ ಕಡೆ ಚಾಚಿದರು.

"ಮೂವತ್ತು ಮೂವತ್ತು ಅಂತ ಕೂಗ್ತಾ ಇದ್ದೋಳು ನೀನೇ ತಾನೇ? ಆಸ್ಪತ್ರೆವರೆಗೆ ಕೇಳಿಸ್ತಿತ್ತು. ನೋಡಿ ಹೇಳು."

ನಾನು ಎರಡೂ ಕೈಯಿಂದ ಬಿಚ್ಚಿ ಹಿಡಿದೆ. ನಡುವೆಲ್ಲ ಬಿಳಿ, ಹೊಸ ಬಟ್ಟೆಯ ಬಿಳಿ. ಬೆಳ್ಳಗಿದೆ ಎನ್ನಲು ಬಾಯಿ ತೆರೆದವಳು ಅಂಚು ನೋಡಿದೆ. ಒಂದೊಂದು ತುದಿಯಲ್ಲೂ ನಾಲ್ಕು ನಾಲ್ಕು ನೀಲಿ ಗುರುತು. ಕೈ ತೊಳೆಯಲು ಮರೆತಿದ್ದೆ. ಅಪ್ಪಯ್ಯ ಕಣ್ಣು ಮುಚ್ಚಿಕೊಂಡ. ನಾನು ಅದನ್ನು ಮಡಿಸಿ ಬಚ್ಚಿಡಬಹುದಿತ್ತು. ಬಿಡಿಸಿಯೇ ಹಿಡಿದೆ.

"ಮಧ್ಯದ್ದು ಕಾರು," ಎಂದೆ. "ಅಂಚಿನದು ನಾನು."

ಡಾಕ್ಟರಮ್ಮ ಬಗ್ಗಿ ನೋಡಿದರು. ನನ್ನ ಬೆರಳನ್ನು ಎತ್ತಿ ಒಂದು ಗುರುತಿನ ಮೇಲೆ ಇಟ್ಟು ಅಳತೆ ನೋಡಿದರು. ಆಮೇಲೆ ತಿರುಗಿ, ತಮ್ಮ ಬಿಳಿ ಸೀರೆಯಲ್ಲಿ, ಗುರುವಾರ ಒರಗಿದ್ದ ಅದೇ ಮಡ್‌ಗಾರ್ಡಿಗೆ ಬೆನ್ನು ಕೊಟ್ಟು ಒರಗಿದರು.

"ಕಾರು ಪಾಸು. ಇವಳು ಫೇಲು. ನಾಳೆ ಎಂಟಕ್ಕೆ ಶೃಂಗೇರಿಗೆ ಹೋಗಬೇಕು. ಎಂಟು ಅಂದ್ರೆ ಎಂಟು."

"ಏಳೂ ಮುಕ್ಕಾಲಿಗೇ ಆಸ್ಪತ್ರೆ ಮುಂದೆ ನಿಂತಿರ್ತದೆ," ಎಂದಳು ಅಜ್ಜಿ. "ನೀವು ತಡ ಮಾಡ್ಬೇಡಿ. ಟೈರಿನೋನು ಬಂದ್ರೆ ನಾನು ಮಾತಾಡ್ತೀನಿ."

ಅವರು ಹೋದ ಮೇಲೆ ರುದ್ರಪ್ಪ ಸೀರೆಯ ಹಿಂಭಾಗ ಬೆಳ್ಳಗೇ ಇತ್ತೆಂದು ಹೇಳಲು ಪೇಟೆಗೆ ಓಡಿದ. ಅಮ್ಮ ಅಂಗಳಕ್ಕೆ ನೀರು ಹಾಕಿದಳು, ಚರಂಡಿ ನೀಲಿಯಾಗಿ ಹರಿಯಿತು. ಅಜ್ಜಿ ಗಡಿಗೆಯ ತಳ ಕೆರೆದಳು. ಒಂದು ಚಿಟಿಕೆ ಬೂದಿ ಸಿಕ್ಕಿತು. ಅದನ್ನು ನೋಡಿ, ನಾಳೆ ರುದ್ರಪ್ಪನ ಮನೆಯಿಂದ ಸಗಣಿ ತರಬೇಕು ಎಂದಷ್ಟೇ ಹೇಳಿ ನೆಟ್ಟಗೆ ಕೊಟ್ಟಿಗೆಗೆ ಹೋದಳು. ಎಮ್ಮೆಯ ಹಗ್ಗ ಬಿಚ್ಚಿ, ಅದು ಒಲ್ಲೆನೆಂದು ಕಾಲೂರಿದರೂ ಬಿಡದೆ, ಹೊರಗೆ ಎಳೆದು ತಂದಳು.

"ಬಾ ಮಾರಾಯ್ತಿ. ನಿನ್ನ ಬಣ್ಣ ಬಿಸಿಲಿಗೆ ಹೋಗೋದಿಲ್ಲ."

ಕೊಟ್ಟಿಗೆಯ ಆ ಅರ್ಧವನ್ನು ಗುಡಿಸಿದೆವು. ಇದ್ದ ಚೂರು ಪೆಟ್ರೋಲು ಬೆಳಗ್ಗೆಗಿರಲಿ ಎಂದು ಅಪ್ಪಯ್ಯ ಇಂಜಿನು ಹೊಡೆಯದೆ ಸ್ಟೇರಿಂಗು ಹಿಡಿದ, ನಾವು ಮೂವರು ಹಿಂದಿನಿಂದ ಕೈಗೆ ಬಟ್ಟೆ ಸುತ್ತಿಕೊಂಡು ತಳ್ಳಿದೆವು, ನಾನು ಎಣಿಸಿದೆ. ಇಪ್ಪತ್ತೆರಡಕ್ಕೆ ಕಾರು ಒಳಗೆ ಹೋಯಿತು. ಕೊಟ್ಟಿಗೆಯ ಬಾಗಿಲಿಗೆ ಅಗುಳಿ ಹಾಕಿ ಪಡಸಾಲೆಗೆ ಬಂದು ಗಡಿಯಾರ ನೋಡಿದೆ. ಆರು ಗಂಟೆ ಐದು ನಿಮಿಷ.